ಮಾವನ ಕಾರಿಗೆ ನಾನು ಹಾಕಿದ ನೆಲ

ಸ್ಟೀಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿಕೊಂಡಿದ್ದ ಕಾಲವೊಂದಿತ್ತು. ಆ ಕಾಲ ಮುಗಿದದ್ದು ಹೋದ ಆಗಸ್ಟ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ, ಧಾರಾವಿಯ ಒಂದು ಸ್ಪೀಡ್ ಬ್ರೇಕರಿನ ಮೇಲೆ.

ನಾನು ಅಂಧೇರಿಯ ಒಂದು ಕಂಪನಿಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಹೋಟೆಲಿನ ಅಡುಗೆಮನೆಗೆ ಬೇಕಾದ ಸ್ಟೀಲಿನ ಮೇಜು, ಇಡ್ಲಿ ಬೇಯಿಸುವ ಪೆಟ್ಟಿಗೆ, ಪಾತ್ರೆ ತೊಳೆಯುವ ತೊಟ್ಟಿ ಇವೆಲ್ಲ ನಮ್ಮಲ್ಲಿ ತಯಾರಾಗುತ್ತವೆ. ಸಯನ್‌ನಿಂದ ಬೊರಿವಲಿಯ ತನಕ ಯಾವ ಉಡುಪಿ ಹೋಟೆಲಿನ ಒಳಗೆ ಕಾಲಿಟ್ಟರೂ ಅಲ್ಲಿನ ಮೇಜುಗಳು ನನ್ನನ್ನು ಕಂಡು ಮೈ ನೆಟ್ಟಗೆ ಮಾಡಿಕೊಳ್ಳುತ್ತವೆ ಎಂಬುದು ನನ್ನ ಭಾವನೆ. ಒಂದು ಸಣ್ಣ ವಿವರವನ್ನು ಮಾತ್ರ ನಾನು ಯಾರಿಗೂ ಒತ್ತಿ ಹೇಳಿದವನಲ್ಲ. ನನ್ನ ಕೆಲಸ ಟೇಪು ಹಿಡಿದು ಅಳತೆ ತೆಗೆಯುವುದು, ಕಾಗದದ ಮೇಲೆ ಚಿತ್ರ ಬರೆದು ಒಳಗೆ ಕೊಡುವುದು. ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು ಎಲ್ಲ ಒಳಗಿನವರ ಕೆಲಸ. ಮೂವತ್ತು ವರ್ಷ ಹತ್ತಿರ ನಿಂತು ನೋಡಿದ್ದೇನಲ್ಲ, ಮಾಡಿದ ಹಾಗೆಯೇ ಲೆಕ್ಕ ಎಂದುಕೊಂಡಿದ್ದೆ.

ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ನನ್ನ ಮಾವನವರ ಕಾರು ನಿಂತಿತ್ತು. ಒಂದು ಕಾಲಕ್ಕೆ ಮುಂಬಯಿಯ ಟ್ಯಾಕ್ಸಿಗಳೆಲ್ಲ ಯಾವ ಜಾತಿಯ ಕಾರುಗಳಾಗಿದ್ದವೋ ಅದೇ ಜಾತಿ, ಬಣ್ಣ ಮಾತ್ರ ಹಾಲಿನ ಕೆನೆಯದು. ಮಾವನವರು ಬಾಂದ್ರಾದಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ನನ್ನ ಹೆಂಡತಿ ನೀಲಾವತಿ ಹತ್ತೊಂಬತ್ತನೆಯ ವಯಸ್ಸಿಗೆ ಕಾರು ಓಡಿಸಲು ಕಲಿತದ್ದು ಇದರಲ್ಲೇ, ಮಾಟುಂಗಾದ ಫೈವ್ ಗಾರ್ಡನ್ ಸುತ್ತ, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು. ಅವರು ತೀರಿಕೊಂಡ ಮೇಲೆ ಕಾರು ನಮ್ಮಲ್ಲಿಗೆ ಬಂತು. ಎರಡು ವರ್ಷ ಅವಳು ಓಡಿಸಿದಳು. ಆಮೇಲೆ ಅದು ಒಂದು ದಿನ ನಿಂತಿತು, ನಿಂತದ್ದು ನಿಂತೇ ಇತ್ತು. ಮೇಲಿಂದ ಮೇಲೆ ಆರು ಮಳೆಗಾಲ ಅದರ ಮೇಲೆ ಸುರಿದು ಹೋಯಿತು.

ಜುಲೈ ತಿಂಗಳಲ್ಲಿ ಬಿಲ್ಡಿಂಗಿನ ಸೆಕ್ರೆಟರಿ ಹಿತೇಶ್‌ಭಾಯಿ ಲಿಫ್ಟಿನ ಪಕ್ಕ ಒಂದು ನೋಟೀಸು ಅಂಟಿಸಿದರು. ಗಣಪತಿ ಮಂಟಪಕ್ಕೆ ಜಾಗ ಬೇಕಾಗಿದೆ, ಓಡದ ವಾಹನಗಳನ್ನು ಆಗಸ್ಟ್ ಮುಗಿಯುವುದರೊಳಗೆ ಓಡಿಸಿ ತೋರಿಸಬೇಕು, ಇಲ್ಲವಾದರೆ ಗುಜರಿಯವರನ್ನು ಕರೆಸಲಾಗುತ್ತದೆ ಎಂದು ಅದರಲ್ಲಿತ್ತು. ಆ ದಿನ ನೀಲಾವತಿ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಕಿಟಕಿಯಿಂದ ಎರಡು ಸಲ ಕೆಳಗೆ ನೋಡಿದಳು. ಮೂರನೆಯ ಸಲ ನೋಡಿದಾಗ ನನಗೆ ತಡೆಯಲಿಲ್ಲ. ಕಾರನ್ನು ನಾನೇ ಸರಿ ಮಾಡುತ್ತೇನೆ ಎಂದುಬಿಟ್ಟೆ.

"ಗ್ಯಾರೇಜಿಗೆ ಕೊಡುವ ಅಲ್ವಾ?" ಎಂದಳು.

"ಮನೆಯಲ್ಲೇ ಸ್ಟೀಲಿನವನು ಇರುವಾಗ ಗ್ಯಾರೇಜು ಯಾಕೆ?"

"ನಿಮ್ಮದು ಇಡ್ಲಿ ಪೆಟ್ಟಿಗೆ ಮಾರಾಯ್ರೆ. ಅದು ಎಲ್ಲಿಗೂ ಹೋಗ್ಲಿಕ್ಕಿಲ್ಲ."

ಈ ಮಾತು ನನ್ನ ಘನತೆಗೆ ತಕ್ಕದ್ದಲ್ಲ ಎಂದು ಹಳೆಯ ಪೈಜಾಮ ಹುಡುಕಲು ಹೋದೆ.

ಮರುದಿನವೇ ಭಾನುವಾರ. ಆ ಪೈಜಾಮ ಹಾಕಿಕೊಂಡು ಕೆಳಗಿಳಿದು ಕಾರಿನ ಒಳಗಿನ ರತ್ನಗಂಬಳಿಯನ್ನು ಎತ್ತಿದೆ. ಕೆಳಗೆ ನೆಲವೆಲ್ಲ ಕಂದು ಬಣ್ಣಕ್ಕೆ ತಿರುಗಿ, ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಎಂದು ಪರೀಕ್ಷಿಸಲು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಹಿಡಿ ಒಳಗೆ ಹೋಯಿತು. ಅದನ್ನು ಹೊರಗೆ ತೆಗೆಯಲು ಹೋದಾಗ ಅಂಗೈ ಅಗಲದ ತುಂಡೊಂದು ಕಳಚಿ ಬಿತ್ತು. ತೂತಿನಲ್ಲಿ ಬಗ್ಗಿ ನೋಡಿದರೆ ಕಾರಿನ ಅಡಿಯಲ್ಲಿ ಮಲಗಿದ್ದ ಬೆಕ್ಕು ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ತೂತಿನಲ್ಲಿ ಬೆಕ್ಕು ಸಲೀಸಾಗಿ ಬಂದು ಹೋಗಬಹುದಾಗಿತ್ತು.

ಕಂಪನಿಯಿಂದ ಒಂದು ಸಣ್ಣ ವೆಲ್ಡಿಂಗ್ ಮಷಿನ್ ಕೇಳಿ ತಂದೆ. ವಾಚ್‌ಮನ್ ಕ್ಯಾಬಿನ್ನಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿ, ಮುಖಕ್ಕೆ ಕಪ್ಪು ಗಾಜಿನ ಕವಚ ಹಿಡಿದು, ಯುದ್ಧಕ್ಕೆ ಹೊರಟ ರಾಜನ ಹಾಗೆ ಕಾರಿನೊಳಗೆ ನುಗ್ಗಿದೆ. ದಪ್ಪ ಸ್ಟೀಲನ್ನು ನಮ್ಮವರು ಬೆಸೆಯುವುದನ್ನು ನೋಡಿದ್ದೆ. ತುಕ್ಕು ತಿಂದು ಕಾಗದದಷ್ಟು ತೆಳ್ಳಗಾದ ತಗಡಿಗೆ ಆ ಬೆಂಕಿ ತಾಗಿದರೆ ಏನಾಗುತ್ತದೆ ಎಂದು ನೋಡಿರಲಿಲ್ಲ. ತಾಗಿದಲ್ಲೆಲ್ಲ ತಗಡು ಮಾಯವಾಗುತ್ತಿತ್ತು! ಒಂದು ತೂತನ್ನು ಮುಚ್ಚಲು ಹೋಗಿ ಅದರ ಸುತ್ತ ನಾಲ್ಕು ಹೊಸ ತೂತುಗಳನ್ನು ಮಾಡಿದೆ. ಐದನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಿಲ್ಡಿಂಗಿನ ಕರೆಂಟೇ ಹೋಯಿತು. ಮೇಲೆಲ್ಲೋ ಲಿಫ್ಟು ನಿಂತ ಸದ್ದಾಯಿತು. ಅದರೊಳಗಿದ್ದವರು ಹಿತೇಶ್‌ಭಾಯಿ. ಪೂಜೆಗೆ ಹೊರಟಿದ್ದ ಅವರು ಎರಡು ಮತ್ತು ಮೂರನೆಯ ಮಾಳಿಗೆಗಳ ನಡುವೆ ಇಪ್ಪತ್ತೈದು ನಿಮಿಷ ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದರಂತೆ. ಹೊರಗೆ ಬಂದ ಮೇಲೆ ಬೈಯಲಿಲ್ಲ. ಆ ಮಷಿನ್ ಇನ್ನೊಮ್ಮೆ ಗೇಟಿನೊಳಗೆ ಕಂಡರೆ ಕಾರಿನ ಜೊತೆಗೆ ಅದನ್ನೂ ಗುಜರಿಯವರಿಗೆ ಕೊಡುತ್ತೇನೆ ಎಂದು ಬಹಳ ಮೃದುವಾಗಿ ಹಿಂದಿಯಲ್ಲಿ ತಿಳಿಸಿ ಹೋದರು.

ಮಹಾಪುರುಷರು ಇಂಥದ್ದಕ್ಕೆಲ್ಲ ಹೆದರುವುದಿಲ್ಲ. ಒಂದು ವಾರ ಯೋಚಿಸಿ ಹೊಸ ದಾರಿ ಕಂಡುಹಿಡಿದೆ. ಅಲ್ಯೂಮಿನಿಯಂ! ಹಗುರ, ಹೊಳಪು, ತುಕ್ಕಿನ ಕಾಟವಿಲ್ಲ. ಕಂಪನಿಯಲ್ಲಿ ಉಳಿದಿದ್ದ ಅಲ್ಯೂಮಿನಿಯಂ ತಗಡುಗಳನ್ನು ಹೇಳಿ ಕೇಳಿ ತಂದೆ. ಮುಂದಿನ ಭಾನುವಾರ ಅವನ್ನು ಹಳೆಯ ನೆಲದ ಮೇಲೆ ಹಾಸಿ, ಕೈಯಲ್ಲಿ ಒತ್ತುವ ರಿವೆಟ್ ಗನ್ನಿನಿಂದ ಸುತ್ತಲೂ ನೂರ ನಲವತ್ತು ರಿವೆಟ್, ಅಂದರೆ ತಗಡಿಗೆ ತಗಡು ಬಿಗಿಯುವ ಗಿಡ್ಡ ಮೊಳೆ, ಹೊಡೆದೆ. ಬೆಂಕಿಯಿಲ್ಲ, ಕರೆಂಟಿಲ್ಲ, ಹಿತೇಶ್‌ಭಾಯಿಯ ಹಂಗಿಲ್ಲ. ಸೀಟುಗಳನ್ನೂ ಆ ತಗಡಿಗೇ ಬಿಗಿದೆ. ನೆಲ ಮದುವೆ ಮನೆಯ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಬಿಲ್ಡಿಂಗಿನವರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಹೋದರು. ನೀಲಾವತಿಯೂ ಬಂದಳು. ಹೊಸ ರತ್ನಗಂಬಳಿ ತಂದು ಹಾಸಿದಳು. ಅದು ಮೆಚ್ಚುಗೆ ಎಂದು ನಾನು ತಿಳಿದುಕೊಂಡೆ.

ಎಂಜಿನ್ನಿನ ವಿಷಯದಲ್ಲಿ ನಾನು ದೊಡ್ಡಸ್ತಿಕೆ ತೋರಿಸಲಿಲ್ಲ. ಪರಿಚಯದ ಮೆಕ್ಯಾನಿಕ್ ಬಂದು ಎಂಜಿನ್ನು ಬ್ರೇಕು ಎರಡನ್ನೂ ವಾರವಿಡೀ ಬಿಚ್ಚಿ ಜೋಡಿಸಿ, ಹೊಸ ಬ್ಯಾಟರಿ ಹಾಕಿ, ಕಡೆಗೆ ಒಂದು ದಿನ ಕಾರಿಗೆ ಉಸಿರು ಬರಿಸಿದರು. ಆ ಶಬ್ದ ಕೇಳಿ ನೀಲಾವತಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಭಾನುವಾರ ಬಾಂದ್ರಾಕ್ಕೆ ಹೋಗಿ, ಅಪ್ಪನ ಕ್ಯಾಂಟೀನು ಇದ್ದ ಬೀದಿಯಲ್ಲಿ ಒಂದು ಸುತ್ತು ಬರಬೇಕು ಎಂದಳು.

ಹೊರಟೆವು. ನನಗೆ ಕಾರು ಓಡಿಸಲು ಬರುವುದಿಲ್ಲ, ಅವಳೇ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು, ಅಲ್ಯೂಮಿನಿಯಂ ಎಂಬುದು ವಿಮಾನಕ್ಕೆ ಬಳಸುವ ಲೋಹ ಎಂದು ವಿವರಿಸುತ್ತಿದ್ದೆ. ಧಾರಾವಿಗೆ ಬಂದೆವು. ಸ್ಪೀಡ್ ಬ್ರೇಕರ್ ಬಂತು. ಅವಳು ಬಹಳ ನಿಧಾನವಾಗಿಯೇ ದಾಟಿಸಿದಳು. ಮುಂದಿನ ಚಕ್ರ ಇಳಿಯಿತು. ಆಗ ನನ್ನ ಕಾಲ ಕೆಳಗೆ ಟಪ್ ಎಂದಿತು. ಮತ್ತೆ ಟಪ್ ಟಪ್ ಎಂದಿತು. ಆಮೇಲೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಒಂದೇ ಸಮನೆ ಸಿಡಿಯತೊಡಗಿತು. ನನ್ನ ಸೀಟು ಹಿಂದಕ್ಕೆ ವಾಲಿ, ಕೆಳಗೆ ಇಳಿದು, ರಸ್ತೆಯ ಮೇಲೆ ಕೂತಿತು. ನನ್ನ ಕಾಲುಗಳು ಮೇಲೆ, ತಲೆ ಕೆಳಗೆ. ಕಣ್ಣೆದುರಿಗೆ ಕಾರಿನ ಸೂರು ಮಾತ್ರ ಕಾಣುತ್ತಿತ್ತು. ತಗಡು ಡಾಂಬರಿನ ಮೇಲೆ ಉಜ್ಜುತ್ತ ಬಂದ ಸದ್ದಿಗೆ ರಸ್ತೆಯಲ್ಲಿದ್ದ ಜನರೆಲ್ಲ ಹಲ್ಲು ಕಚ್ಚಿಕೊಂಡು ನಿಂತರು.

ನೀಲಾವತಿ ಕಾರು ನಿಲ್ಲಿಸಿದಳು. ಪಕ್ಕಕ್ಕೆ ನೋಡಿದಳು. ನನ್ನ ಮುಖ ಇರಬೇಕಾದ ಜಾಗದಲ್ಲಿ ನನ್ನ ಚಪ್ಪಲಿ ಇತ್ತು.

"ನೀವು ಎಲ್ಲಿಗೆ ಹೋದ್ರಿ?" ಎಂದಳು.

ಇಲ್ಲೇ ಕೆಳಗಿದ್ದೇನೆ ಎಂದೆ. ಪೆಟ್ಟಾಯಿತಾ ಎಂದು ಕೇಳಿದಳು. ಇಲ್ಲ ಎಂದು ಖಚಿತವಾದ ಮೇಲೆ, ಮೂರು ವಾರದಿಂದ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದಳು. ಅವಳು ಬೈದದ್ದು ಕನ್ನಡದಲ್ಲಿ. ಹೊರಗಿನಿಂದ ಉತ್ತರವೂ ಕನ್ನಡದಲ್ಲೇ ಬಂತು.

"ಅಕ್ಕಾರ, ಮದ್ಲ ಅವರನ್ನ ಹೊರಗ ತಗೀರಿ. ಬೈಯೋದು ಆಮ್ಯಾಲಾದ್ರೂ ನಡೀತೈತಿ."

ಕಾಶಪ್ಪನವರು ನಮ್ಮ ಬದುಕಿನೊಳಗೆ ಬಂದದ್ದು ಹೀಗೆ. ವಿಜಯಪುರದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಆ ಸ್ಪೀಡ್ ಬ್ರೇಕರಿನ ಎದುರಿನ ಗಲ್ಲಿಯಲ್ಲೇ ಅವರ ಶೆಡ್ಡು. ನಜ್ಜುಗುಜ್ಜಾದ ಕಾರು ಟೆಂಪೊಗಳ ತಗಡನ್ನು ಕತ್ತರಿಸಿ, ಬಡಿದು, ಬೆಸೆದು ಮೊದಲಿನಂತೆ ಮಾಡುವ ಕೆಲಸ. ನಾಲ್ಕು ಜನ ಸೇರಿ ನನ್ನನ್ನು ಎಳೆದರು, ಹತ್ತು ಜನ ಸೇರಿ ಕಾರನ್ನು ಶೆಡ್ಡಿನೊಳಕ್ಕೆ ತಳ್ಳಿದರು.

ಕಾರನ್ನು ಜ್ಯಾಕ್ ಮೇಲೆ ಎತ್ತಿ ಕಾಶಪ್ಪನವರು ಅಡಿಯಲ್ಲಿ ಬಗ್ಗಿ ನೋಡಿದರು. ನನ್ನ ನೂರ ನಲವತ್ತು ರಿವೆಟ್‌ಗಳಲ್ಲಿ ಉಳಿದಿದ್ದವನ್ನು ಹೂವು ಬಿಡಿಸಿದ ಹಾಗೆ ಎರಡು ಬೆರಳಿನಲ್ಲಿ ಬಿಡಿಸಿದರು. ತುಕ್ಕಿಗೆ ಹೊಡೆದ ರಿವೆಟ್ ತುಕ್ಕನ್ನಷ್ಟೇ ಹಿಡಿದುಕೊಂಡಿರುತ್ತದೆ ಎಂದರು. ಅಲ್ಲದೆ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ಹೀಗೆ ಒಂದರ ಮೇಲೊಂದು ಬರಿಮೈಯಲ್ಲಿ ಕೂರಿಸಿ ನಡುವೆ ಮಳೆನೀರು ಬಿಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಎರಡೂ ಉಳಿಯುವುದಿಲ್ಲ ಎಂದರು. ಆಮೇಲೆ ತಲೆಯೆತ್ತಿ ಕೇಳಿದರು:

"ಯಾರ್ ಮಾಡ್ಯಾರ್ರಿ ಈ ಕೆಲಸಾನ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡತೊಡಗಿದೆ. ನೀಲಾವತಿ ನನ್ನ ಕಡೆಗೆ ಒಮ್ಮೆ ನೋಡಿದಳು.

"ಗೊತ್ತಿದ್ದವರು ಒಬ್ಬರು," ಎಂದಳು.

ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ನನಗೆ ನೆನಪಿಲ್ಲ. ಆದರೆ ಅದರ ಫಲವನ್ನು ಮುಂದಿನ ನಾಲ್ಕು ದಿನ ಉಣ್ಣಬೇಕಾಯಿತು. ನಾನು ಆಫೀಸು ಮುಗಿಸಿ ಶೆಡ್ಡಿಗೆ ಹೋದಾಗಲೆಲ್ಲ ಕಾಶಪ್ಪನವರು ಆ ಗೊತ್ತಿದ್ದವರನ್ನು ಬೈಯುತ್ತಿದ್ದರು. ಕೊಳೆತ ತಗಡನ್ನು ಕತ್ತರಿಸಿ ತೆಗೆಯುವಾಗ ಬೈದರು. ಕಾಗದದಲ್ಲಿ ಅಚ್ಚು ತೆಗೆದು ಹೊಸ ತಗಡು ಕತ್ತರಿಸುವಾಗ ಬೈದರು. ನೆಲ ಬಾಗದಿರಲೆಂದು ಹೊಸ ತಗಡಿನಲ್ಲಿ ಉದ್ದುದ್ದ ಉಬ್ಬುಗೆರೆಗಳನ್ನು ಬಡಿದು ಎಬ್ಬಿಸುವಾಗಲಂತೂ ಪ್ರತಿ ಪೆಟ್ಟಿಗೂ ಒಂದೊಂದು ಬೈಗುಳ. ನಾನು ಪಕ್ಕದಲ್ಲಿ ನಿಂತು ಹೌದು ಹೌದು, ಎಂಥ ಜನ ಇರ್ತಾರೆ ಎಂದು ತಲೆಯಾಡಿಸುತ್ತಿದ್ದೆ.

ಅತ್ತ ನೀಲಾವತಿ ಬೆಳಿಗ್ಗೆ ಹತ್ತಕ್ಕೇ ಹೋಗಿ ಅಲ್ಲಿ ಕೂರುತ್ತಿದ್ದಳು. ಮೊದಲ ದಿನ ನೋಡಿದಳು. ಎರಡನೆಯ ದಿನ ಸುತ್ತಿಗೆ ಕೇಳಿದಳು. ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು, ಹೊರಗಿನಿಂದ ಸಣ್ಣ ಸಣ್ಣ ಪೆಟ್ಟು ಕೊಟ್ಟು ತಗ್ಗು ಎಬ್ಬಿಸುವುದನ್ನು ಕಾಶಪ್ಪನವರು ತೋರಿಸಿಕೊಟ್ಟರು. ಮೂರನೆಯ ದಿನ ಹಿಂದಿನ ಬಾಗಿಲಿನ ತಗ್ಗನ್ನು ಅವಳೊಬ್ಬಳೇ ಎಬ್ಬಿಸಿದಳು. ಅಕ್ಕಾರ ಕೈ ಭಾಳ ಹಗರ ಐತಿ ಎಂದು ಕಾಶಪ್ಪನವರು ಗಲ್ಲಿಯಲ್ಲೆಲ್ಲ ಹೇಳಿಕೊಂಡು ಬಂದರು. ಮುಂದಿನ ಮಡ್‌ಗಾರ್ಡಿನ ತಗ್ಗಿಗೆ ಅವರು ಕೈಹಾಕಿದಾಗ ಮಾತ್ರ ಅವಳು ತಡೆದಳು. ಫೈವ್ ಗಾರ್ಡನ್‌ನಲ್ಲಿ ಕಲಿಯುವಾಗ ಮರಕ್ಕೆ ಗುದ್ದಿ ಅವಳೇ ಮಾಡಿದ ತಗ್ಗು ಅದು. ಅಪ್ಪ ಬೈಯದೆ ಇಳಿದು ಹೋಗಿ ಮರವನ್ನು ತಟ್ಟಿ ಬಂದಿದ್ದರಂತೆ.

"ಅದೊಂದು ಇರಲಿ," ಎಂದಳು. ಕಾಶಪ್ಪನವರು ಅದರ ಒಳಗಿನ ತುಕ್ಕನ್ನಷ್ಟೇ ಉಜ್ಜಿ ತೆಗೆದು ಹಾಗೆಯೇ ಬಿಟ್ಟರು.

ನಾಲ್ಕನೆಯ ಸಂಜೆ ಕಾಶಪ್ಪನವರು, ಆ ಮನುಷ್ಯನ ಹೆಸರನ್ನು ನೀವು ಹೇಳಿದರೆ ಸಾಕು, ಈ ಗಲ್ಲಿಯೊಳಗೆ ಯಾರೂ ಅವನಿಗೆ ಒಂದು ರಿವೆಟ್ ಸಹ ಮಾರದ ಹಾಗೆ ಮಾಡುತ್ತೇನೆ ಎಂದರು. ಇನ್ನು ಸಾಕೆನಿಸಿತು. ನೀಲಾವತಿಯ ಎದುರಿಗೇ, ಅದು ನಾನೇ ಎಂದು ಒಪ್ಪಿಕೊಂಡೆ. ವೆಲ್ಡಿಂಗ್ ಮಷಿನ್, ಲಿಫ್ಟು, ತೆಂಗಿನಕಾಯಿ ಯಾವುದನ್ನೂ ಮುಚ್ಚಿಡಲಿಲ್ಲ. ಮೂವತ್ತು ವರ್ಷದಲ್ಲಿ ಟೇಪು ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿದವನಲ್ಲ ಎಂಬುದನ್ನೂ ಹೇಳಿದೆ.

ಕಾಶಪ್ಪನವರು ಸುತ್ತಿಗೆ ಕೆಳಗಿಟ್ಟು ನಕ್ಕರು.

"ಮದ್ಲನೇ ದಿನಾನ ಗೊತ್ತಾಗಿತ್ರಿ ಸಾಹೇಬ್ರ. ಅಲ್ಯೂಮಿನಿಯಂ ಇರತೈತಲ್ರಿ, ಅದನ್ನ ಎಷ್ಟ ಕಾಸಿದ್ರೂ ಕೆಂಪಾಗಂಗಿಲ್ಲ, ಸುಳಿವು ಕೊಡಲಾರದ ಕರಗಿ ಹೊಕ್ಕೈತಿ. ನೀವು ಕಬ್ಬಿಣದ ಪೈಕಿ. ಅಕ್ಕಾರು 'ಗೊತ್ತಿದ್ದವರು' ಅಂದ ಕೂಡ್ಲೇ ನಿಮ್ಮ ಕಿವಿ ಕೆಂಪಗಾದ್ವು."

ಹಾಗಾದರೆ ನಾಲ್ಕು ದಿನ ಬೈದದ್ದು ಯಾಕೆ ಎಂದು ಕೇಳಿದೆ. ಬೈಯುತ್ತಿದ್ದರೆ ಕೆಲಸ ಬೇಗ ಸಾಗುತ್ತದೆ ಎಂದರು. ನೀಲಾವತಿ ನಕ್ಕು ನಕ್ಕು ಟೈರಿನ ಮೇಲೆ ಕುಳಿತಳು. ಅವಳೂ ಅವರೂ ಮೊದಲ ದಿನವೇ ಮಾತಾಡಿಕೊಂಡಿದ್ದರು ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಕೆಲಸ ಮುಗಿಯಲು ಇನ್ನೂ ಹತ್ತು ದಿನ ಹಿಡಿಯಿತು. ಕೊನೆಯ ದಿನ ಕಾಶಪ್ಪನವರು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕುಲುಕಾಡಲು ಹೇಳಿ, ತಾವು ಟಾರ್ಚು ಹಿಡಿದು ಕಾರಿನ ಅಡಿಯಲ್ಲಿ ಮಲಗಿ ಪ್ರತಿ ಬೆಸುಗೆಯನ್ನೂ ನೋಡಿದರು. ನೆಲ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಆಗಸ್ಟ್ ಇಪ್ಪತ್ತೇಳಕ್ಕೆ ನೀಲಾವತಿ ಬಾಂದ್ರಾದ ಸುತ್ತು ಮುಗಿಸಿಯೇ ಕಾರನ್ನು ಬಿಲ್ಡಿಂಗಿನ ಗೇಟಿನೊಳಗೆ ತಂದಳು. ಹಿತೇಶ್‌ಭಾಯಿ ಸುತ್ತಲೂ ನಡೆದು ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರಾಗಿಯೇ, ಹೇಗಿದ್ದರೂ ನೀವಲ್ಲ ಬಿಡಿ ಎಂದರು.

ಇಷ್ಟಾದರೂ ಕಾಶಪ್ಪನವರ ಮಟ್ಟಿಗೆ ನಾನೊಬ್ಬ ಬೇಕಾದ ಮನುಷ್ಯನಾಗಿದ್ದೇನೆ ಎಂಬ ನಂಬಿಕೆ ನನ್ನಲ್ಲಿ ಉಳಿದಿತ್ತು. ಅದಕ್ಕೆ ಸರಿಯಾಗಿ ಹೋದ ವಾರ ಅವರ ಫೋನು ಬಂತು. ಹಳೆಯ ಜೀಪೊಂದಕ್ಕೆ ಪೂರಾ ಹೊಸ ನೆಲ ಹಾಕಿದ್ದೇನೆ, ಭಾನುವಾರ ಸಾಹೇಬರನ್ನು ಒಂದು ತಾಸು ಶೆಡ್ಡಿಗೆ ಕಳಿಸಿಕೊಡಲು ಆಗುತ್ತದೆಯೇ ಎಂದು ನೀಲಾವತಿಯನ್ನು ಕೇಳಿದರು. ನನ್ನ ಎದೆ ಉಬ್ಬಿತು. ಅಳತೆಯ ವಿಷಯದಲ್ಲಿ ಏನೋ ಸಲಹೆ ಬೇಕಾಗಿರಬೇಕು, ಸ್ಪೀಕರಿಗೆ ಹಾಕು ಎಂದು ಸನ್ನೆ ಮಾಡಿದೆ. ಅವಳು ಸ್ಪೀಕರಿಗೆ ಹಾಕಿ, ಅಳತೆ ತೆಗೆಯಲಿಕ್ಕಾ ಎಂದು ಕೇಳಿದಳು.

"ಅಳತಿ ಗಿಳತಿ ಏನಿಲ್ರಿ ಅಕ್ಕಾರ," ಎಂದರು ಕಾಶಪ್ಪನವರು. "ಸುಮ್ಮ ಬಂದು ಒಂದೀಟ ಸೀಟಿನ ಮ್ಯಾಲ ಕುಂತ್ರ ಸಾಕು. ಅವರ ತೂಕ ತಡದ್ರ ಯಾವ ಗಿರಾಕಿ ಕುಂತ್ರೂ ಚಿಂತಿ ಇಲ್ಲ."

ನೀಲಾವತಿ ನನ್ನ ಕಡೆಗೆ ನೋಡಲಿಲ್ಲ. ಒಂದು ಕ್ಷಣ ಯೋಚಿಸಿ, ಊಟಕ್ಕೆ ಮೊದಲು ಕಳಿಸಬೇಕಾ ಊಟ ಆದ ಮೇಲೆಯಾ ಎಂದು ಕೇಳಿದಳು.

"ಉಂಡ ಮ್ಯಾಲ ಕಳಸ್ರಿ," ಎಂದರು ಕಾಶಪ್ಪನವರು.