ಎಂಟನೇ ಮಹಡಿಯ ಎಡೆ

ಹಿರಿಮಗ ನಾನು. ಆದರೂ ಮಾರ್ಲಮಿ ಹಬ್ಬಕ್ಕೆ ಹಿರಿಯರ ಎಡೆ ಪ್ರತಿವರ್ಷ ನರಸೀಪುರದಲ್ಲಿ, ತಮ್ಮ ಚಿಕ್ಕಸ್ವಾಮಿಯ ಹೆಂಚಿನ ಮನೆಯಲ್ಲಿ. ಇದ್ಯಾವ ನ್ಯಾಯ? ನಾನೀಗ ನಂಜನಗೂಡಿನ ಹೊಸ ಗಗನಚುಂಬಿಯ ವಾಸಿ. ಕೆಳಗೆ ಮಾಲು, ನಡುವೆ ಆಫೀಸುಗಳು, ಎಲ್ಲದರ ಮೇಲೆ ಎಂಟನೇ ಮಹಡಿಯಲ್ಲಿ ನಾನು. (ಸ್ವರ್ಗಕ್ಕೆ ಚಿಕ್ಕಸ್ವಾಮಿಗಿಂತ ನಾನೇ ಹತ್ತಿರ.) ಈ ಸಲ ಎಡೆ ನಮ್ಮಲ್ಲೇ ಎಂದು ಸೋದರತ್ತೆ ಪುಟ್ಟಗೌರಮ್ಮನನ್ನು ಕಾಡಿ ಬೇಡಿ ಒಪ್ಪಿಸಿದೆ.

"ನೋಡಾನ. ಸರ್ಯಾಗ್ ನಡುದ್ರೆ ಇನ್ಮ್ಯಾಕೂ ನಿನ್ ಮನೇಲೇ," ಎಂದರು ಅತ್ತೆ.

ಹಬ್ಬದ ದಿನ ತಮ್ಮನ ಸಂಸಾರವೂ ಬಂತು. ನನ್ನ ಹೆಂಡತಿ ನಾಗರತ್ನ ಅಡುಗೆಗೆ ನಿಂತಳು. ಮುದ್ದೆ ತಿರುವುವ ಘನಕಾರ್ಯ ನನ್ನ ಪಾಲಿಗೆ ಬಂತು. ತಿರುವಿದೆ, ಹೆಬ್ಬೆರಳು ಸುಟ್ಟುಕೊಂಡೆ. ಅಪ್ಪನ ಫೋಟೊದ ಎರಡೂ ಬದಿ ಹೂ ಸಿಕ್ಕಿಸಿ, ಮುಂದೆ ಮುದ್ದೆ, ಮಟನ್ ಸಾರು, ವಡೆ, ಅವರಿಗಿಷ್ಟವಾದ ಬೀಡಿ ಎಲ್ಲ ಇಟ್ಟು ಧೂಪ ಹಾಕಿದೆವು. ಹಿರಿಯರು ಸಂಕೋಚವಿಲ್ಲದೆ ಉಣ್ಣಲೆಂದು, ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಂಡೆವು.

ಬಾಗಿಲು 'ಟಿಂಗ್' ಎಂದಿತು.

ಅದು ಸ್ಮಾರ್ಟ್ ಲಾಕು. ನನ್ನ ಹೆಬ್ಬೆರಳಿಗೆ ಮಾತ್ರ ತೆರೆಯುತ್ತದೆ. ಬೊಬ್ಬೆ ಎದ್ದ ಬೆರಳನ್ನು ಒತ್ತಿದೆ. ಒರೆಸಿ ಒತ್ತಿದೆ, ಊದಿ ಒತ್ತಿದೆ. ಲಾಕು ನನ್ನ ಗುರುತೇ ಹಿಡಿಯಲಿಲ್ಲ.

"ನನ್ ಬೆರಳೂ ಸೇರ್ಸಿ ಅಂತ ಬಡ್ಕೊಂಡೆ ಕಣ್ರೀ," ಎಂದಳು ನಾಗರತ್ನ.

"ಮನೆಗೆ ಯಜಮಾನ ಒಬ್ನೇ ಇರ್ಬೇಕು ಕಣೆ."

"ಅವ್ನೇ ಈಚೆ ನಿಂತವ್ನಲ್ಲ."

ಫೋನುಗಳು ಒಳಗೆ. ಕಾರಿಡಾರಿನಲ್ಲಿ ಚಪ್ಪಲಿ ಬಿಡಬಾರದೆಂಬ ಇಲ್ಲಿನ ಕಾನೂನಿನಿಂದಾಗಿ ಚಪ್ಪಲಿಗಳೂ ಒಳಗೆ. ಲಾಕು ಮಾರಿದವನ ಅಂಗಡಿ ಕೆಳಗಿನ ಮಾಲಿನಲ್ಲೇ ಇದೆ. ಸೆಕ್ಯೂರಿಟಿಯವರಿಂದ ಫೋನು ಮಾಡಿಸಿದರೆ, ಅವನು ತನ್ನ ಹಿರಿಯರಿಗೆ ಎಡೆ ಇಡಲು ಸೋಮನಾಥಪುರಕ್ಕೆ ಹೋಗಿದ್ದ. ಸಂಜೆಗೆ ಬರುತ್ತಾನಂತೆ.

ರೇಷ್ಮೆ ಸೀರೆ, ಪಂಚೆಗಳಲ್ಲಿ, ಬರಿಗಾಲಲ್ಲಿ ಮಾಲಿನ ಬೆಂಚುಗಳ ಮೇಲೆ ಸಾಲಾಗಿ ಕೂತೆವು. ಎಡೆ ಎತ್ತದೆ ಉಣ್ಣುವಂತಿಲ್ಲವೆಂದು ಅತ್ತೆ ಯಾರಿಗೂ ಒಂದು ಬನ್ನನ್ನೂ ಮುಟ್ಟಗೊಡಲಿಲ್ಲ. ಚಿಕ್ಕಸ್ವಾಮಿ ಹಸಿವಿನಲ್ಲೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ನಮ್ದ್ ಬುಡ್ಲಾ ಕಾಂತ," ಎಂದು ನನ್ನತ್ತ ತಿರುಗಿದರು ಅತ್ತೆ. "ಉಣ್ಣಾಕ್ ಒಳೀಕ್ ಓಗಿರೋ ನಿಮ್ಮಪ್ಪ ಈಚೆ ಬರಾದೆಂಗೆ?"

ಸಂಜೆ ಅಂಗಡಿಯವನು ಬಂದು ಬಾಗಿಲು ತೆಗೆದ. ಸಾರು ಹಳಸಿತ್ತು. ಅತ್ತೆ ನೇರ ಫೋಟೊದ ಮುಂದೆ ನಿಂತು ಕೈಮುಗಿದರು.

"ಅಣ್ಣ, ನಿನ್ ಮಗ ಊಟಕ್ ಕರುದು ಕೂಡಾಕ್ಬುಟ್ಟ, ತಪ್ಪಾಯ್ತು. ಮುಂದಿನ್ ವರ್ಸ ನರಸೀಪುರುಕ್ಕೇ ಬರಾದಾದ್ರೆ ಬಲಗಡೆ ಊವ ಕೊಡು."

ಎಲ್ಲರೂ ಫೋಟೊ ನೋಡುತ್ತ ನಿಂತರು. ಹೂವು ಕದಲಲಿಲ್ಲ. ಅಪ್ಪ ನನ್ನ ಕಡೆಯೇ ಎಂದು ನನಗೆ ಧೈರ್ಯ ಬಂತು. ಹಳಸಿದ ವಾಸನೆಯಾದರೂ ಹೋಗಲಿ ಎಂದು ಫ್ಯಾನ್ ಹಾಕಿದೆ.

ಬಲಗಡೆಯ ಹೂವು ಬಿತ್ತು.