ಎರಡನೆಯ ಪಟ್ಟಿ

ನೆಂಟರೆಲ್ಲ ಹೊರಟುಹೋದ ಮರುದಿನ, ತೀರಿಹೋದವನ ಅಲಾರಾಂ ಎಂದಿನಂತೆ ಆರಕ್ಕೆ ಹೊಡೆದುಕೊಂಡಿತು. ಅತ್ತೆ ನಿಲ್ಲಿಸಲಿ ಎಂದು ಸೊಸೆ, ಸೊಸೆ ನಿಲ್ಲಿಸಲಿ ಎಂದು ಅತ್ತೆ ಕಾದರು. ಅದು ತಾನೇ ಸುಸ್ತಾಗಿ ಸುಮ್ಮನಾಯಿತು.

ಬ್ಯಾಂಕಿನ ಕಾಗದ ಹುಡುಕಲೆಂದು ಸೊಸೆ ಗಂಡನ ಡ್ರಾಯರ್ ತೆರೆದಳು. ಸಿಕ್ಕಿದ್ದು ಒಂದು ಲಕೋಟೆ. ಒಳಗೆ ಹಳೆಯ ಯುದ್ಧದ ಪದಕ, ಜೊತೆಗೆ ಗಂಡ ತನ್ನ ಹೆಸರು ಹಾಕಿ ಬರೆದಿಟ್ಟ ಚೀಟಿ: ‘ಎದುರುಮನೆ ಮೇಜರ್ ಅವರ ತಾತನ ಪದಕ, ಎರವಲು. ಪಟ್ಟಿ ಎರಡು. ಹನ್ನೆರಡನೇ ತಾರೀಖು ವಾಪಸು.’

ಇವತ್ತೇ ಹನ್ನೆರಡು.

ಪಟ್ಟಿಯೆಂದರೆ ಪದಕದ ರಿಬ್ಬನ್ನಿನ ಮೇಲೆ ಅಡ್ಡಲಾಗಿ ಕೂರುವ ಬೆಳ್ಳಿಯ ತುಂಡು. ಸೈನಿಕ ಕಾದಿದ ಕಾಳಗದ ಹೆಸರು ಅದರ ಮೇಲಿರುತ್ತದೆ. ಪದಕ ಕೂಡಿಡುವವರಿಗೆ ಅದೇ ಪ್ರಾಣ ಎಂದು ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅವಳು ಅರ್ಧ ಕೇಳುತ್ತಿದ್ದಳು. ಈ ಪದಕದಲ್ಲಿ ಇದ್ದದ್ದು ಒಂದೇ ಪಟ್ಟಿ. ಇನ್ನೊಂದು ಬಿದ್ದ ಹಲ್ಲಿನಂತೆ ಲಕೋಟೆಯ ಮೂಲೆಯಲ್ಲಿತ್ತು.

“ಅಯ್ಯೋ, ಮುರಿದಿಟ್ಟಿದಾನಲ್ಲೇ!” ಎಂದರು ಅತ್ತೆ. “ಆ ಮೇಜರ್ ಬೀದಿಗೆಲ್ಲ ಸಾರ್ತಾರೆ. ಹೋದಮೇಲೂ ನನ್ನ ಮಗ ಬೈಸ್ಕೋಬೇಕಾ?”

“ಬೇಡ ಅತ್ತೆ. ನಾನು ಸರಿ ಮಾಡಿಸ್ತೀನಿ.”

ಅವಳು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಅತ್ತೆ ಪದಕಕ್ಕೆ ಹಲ್ಲುಪುಡಿ ಹಾಕಿ ತಿಕ್ಕಿ, ಹೊಸ ಚಮಚದಂತೆ ಹೊಳೆಸಿದ್ದರು. ಹಳೆಯ ಪದಕವನ್ನು ಉಜ್ಜಲೇಬಾರದು, ಉಜ್ಜಿದರೆ ಬೆಲೆ ಹೋಗುತ್ತದೆ ಎಂಬುದು ಅವಳು ಕೇಳಿದ್ದ ಅರ್ಧದಲ್ಲಿತ್ತು. ಪದಕವನ್ನೂ ಚೀಟಿಯನ್ನೂ ಲಕೋಟೆಗೆ ಹಾಕಿಕೊಂಡು ಹೊರಟಳು.

ಬೀದಿಕೊನೆಯ ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. “ಮುರಿದಿಲ್ಲ ಅಕ್ಕ. ಯಾರೋ ಹುಷಾರಾಗಿ ಬಿಡಿಸಿದ ಹಾಗಿದೆ.”

“ಅದೆಲ್ಲ ಆಮೇಲೆ. ಮೊದಲು ಕೂರಿಸಿಕೊಡಿ.”

ಅವನು ಅರ್ಧ ಗಂಟೆ ಕುಟ್ಟಿದ. “ಅಣ್ಣನ ನೆನಪಿಗೆ ಅಂತ ಮೇಲೊಂದು ಬೆಸುಗೇನೂ ಹಾಕಿದೀನಿ. ಇನ್ನು ಆನೆ ಎಳೆದ್ರೂ ಬರಲ್ಲ.”

ಎದುರುಮನೆಯಲ್ಲಿ ಮೇಜರ್ ಚೀಟಿಯನ್ನು ಪಕ್ಕಕ್ಕಿಟ್ಟು, ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

“ಈ ಎರಡನೇ ಪಟ್ಟಿ...”

“ಬಿದ್ದುಹೋಗಿತ್ತು ಸರ್. ಅವರು ಬೇಕೂಂತ ಮಾಡಿದ್ದಲ್ಲ. ಕೂರಿಸಿ ತಂದಿದೀನಿ.”

“ಬಿದ್ದಿರಲಿಲ್ಲಮ್ಮ,” ಎಂದು ಮೇಜರ್ ಕುರ್ಚಿಗೆ ಕುಸಿದರು. “ಆ ಕಾಳಗ ನಡೆದಾಗ ನಮ್ಮ ತಾತ ಕಾಮಾಲೆ ಬಂದು ಆಸ್ಪತ್ರೇಲಿ ಮಲಗಿದ್ರು. ಎಲ್ಲಿಂದಲೋ ಪಟ್ಟಿ ತಂದು ತಾವೇ ಹಾಕ್ಕೊಂಡಿದ್ರು. ದಾಖಲೆ ನೋಡಿ ಕಂಡುಹಿಡಿದೋನು ನಿನ್ನ ಗಂಡನೇ. ಭಾನುವಾರ ಪದಕಗಳ ಪ್ರದರ್ಶನ. ಮರ್ಯಾದೆ ಹೋಗೋದರೊಳಗೆ ಗುಟ್ಟಾಗಿ ತೆಗೆದುಕೊಡಪ್ಪಾ ಅಂತ ಕೈಮುಗಿದಿದ್ದೆ. ಒಂದು ಗೀರೂ ಬೀಳದ ಹಾಗೆ ಬಿಡಿಸೋಕೆ ಮೂರು ವಾರ ಕೂತಿದ್ದ.”

ಊಟಕ್ಕೆ ಕರೆದಾಗಲೆಲ್ಲ ‘ಒಂದೇ ನಿಮಿಷ’ ಎಂದಿದ್ದ ಮೂರು ವಾರಗಳು ಅವಳಿಗೆ ನೆನಪಾದವು.

ಮೇಜರ್ ಚೀಟಿ ಹರಿಯುತ್ತಾರೆ ಎಂದುಕೊಂಡಳು. ಅವರು ಗಂಡನ ಹೆಸರಿಗೆ ಗೀಟೆಳೆದು ಪಕ್ಕದಲ್ಲಿ ಅವಳ ಹೆಸರು ಬರೆದರು. ಪದಕ ಮತ್ತೆ ಅವಳ ಅಂಗೈಗೆ ಬಂತು.

“ಶನಿವಾರದೊಳಗೆ. ಒಂದೇ ಪಟ್ಟಿ ತಂದರೆ ಸಾಕಮ್ಮ.”

ಅವಳು ಬೀದಿ ದಾಟುವಾಗ ಗಡಿಯಾರದವನು ಅಂಗಡಿಯಿಂದಲೇ ಕೂಗಿದ: “ಗಟ್ಟಿಯಾಗಿದೆ ತಾನೇ ಅಕ್ಕ?”

“ತುಂಬಾ,” ಎಂದಳು ಅವಳು.