ಹೆಣ್ಣಿನ ತಂದೆ ಕುಳಿತುಕೊಳ್ಳದೆ ಇದ್ದುದರ ಸಮಜಾಯಿಷಿ

ಇಂದ:
ಶಿವರಾಯ, ಹಿರಿಯ ಗುಮಾಸ್ತ (ಇನ್ನು ಮುಂದೆ ‘ಅರ್ಜಿದಾರ’), ಔರಂಗಾಬಾದ್

ಗೆ:
ಶ್ರೀ ಮನ್ಮಥಪ್ಪನವರು, ರೈಲ್ವೆ ಗಾರ್ಡ್, ಹಾಗೂ ಅವರ ಧರ್ಮಪತ್ನಿ ಶ್ರೀಮತಿ ಕಾಶಿಬಾಯಿಯವರು, ಮನ್ಮಾಡ್

ದಿನಾಂಕ: ದೀಪಾವಳಿಯ ಮರುವಾರ, ೧೯೭೪

ವಿಷಯ: ತಮ್ಮ ಚಿರಂಜೀವಿ ಗುರುಸಿದ್ದಪ್ಪನವರ ಸಂಬಂಧದ ಮರುಪರಿಶೀಲನೆ ಕೋರಿ.

ಉಲ್ಲೇಖ: ಹೆಣ್ಣು ನೋಡಿದ ದಿನ ಶ್ರೀಮತಿ ಕಾಶಿಬಾಯಿಯವರು ನಮ್ಮ ಪಡಸಾಲೆಯಲ್ಲಿ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನಿಗೆ ಕಚೇರಿಯ ಭಾಷೆ ಬಿಟ್ಟು ಬೇರೆ ಬರೆಯಲು ಬಾರದು. ಮದುವೆಯಾದ ಹೊಸತರಲ್ಲಿ ತನಗೆ ಬರೆದ ಕಾಗದದಲ್ಲೂ ‘ವಿಷಯ’ ಇತ್ತೆಂದು ಅವನ ಹೆಂಡತಿ ಈರಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ಕಾರಣ, ಈ ಧಾಟಿಯನ್ನು ಮನ್ನಿಸಬೇಕು.

೧. ಸದರಿ ದಿನ ತಾವು ಸಕುಟುಂಬ ದಯಮಾಡಿಸಿ ಕುರ್ಚಿಗಳಲ್ಲಿ ಕುಳಿತಿರಿ. ಉಪ್ಪಿಟ್ಟು ಬಂತು, ಮಗಳು ವನಜಾ ಬಂದಳು. ಅರ್ಜಿದಾರ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ತಾವು ಕೂಡ್ರಿ ಎಂದಾಗಲೆಲ್ಲ ಇರಲಿ, ಇರಲಿ ಎಂದ. ಕಲಂ ೨ರಲ್ಲಿ ವಿವರಿಸಿದ ನೋವು ತಡೆಯಲಾರದೆ ಬಾಗಿಲ ಹೊರಗೆ ಕಣ್ಣು ಹಾಯಿಸಿದ್ದೂ ನಿಜ. ಅದನ್ನು ಕಂಡ ಶ್ರೀಮತಿ ಕಾಶಿಬಾಯಿಯವರು, “ಮನಿ ಯಜಮಾನ್ರು ಕೂಡವಲ್ಲರು ಅಂದ್ರ ನಾವು ಏಳಬೇಕಂತ ಅರ್ಥ, ನಡೀರಿ” ಎಂದರು. ಉಪ್ಪಿಟ್ಟು ಮುಟ್ಟದೆ ಎಲ್ಲರೂ ಎದ್ದಿರಿ.

ತಾವು ಹೋದ ಮೇಲೆ ವನಜಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅರ್ಧ ಮರಾಠಿಯಲ್ಲೇ ಮಾತಾಡುತ್ತಾಳೆ. “ಅಪ್ಪಾ, ನಿಮಗ ಮುಲಗಾ ಪಸಂದ್ ಬರಲಿಲ್ಲೇನು?” ಎಂದಳು. ಹುಡುಗ ಅವಳಿಗೆ ಹಿಡಿಸಿದ್ದಾನೆಂದು ಅರ್ಜಿದಾರನಿಗೆ ಆಗ ತಿಳಿಯಿತು. ಆದ್ದರಿಂದ ಈ ಅರ್ಜಿ.

೨. ಅರ್ಜಿದಾರ ಕೂಡದಿದ್ದುದು ಹಮ್ಮಿನಿಂದಲ್ಲ, ನೋವಿನಿಂದ. ನೋವಿನ ಸ್ಥಳ ಹೊಕ್ಕುಳಿಗಿಂತ ಕೆಳಗೆ, ತೊಡೆಗಳಿಗಿಂತ ಮೇಲೆ; ಬೀಗರಾಗುವವರಿಗೆ ಬರೆಯುವ ಕಾಗದದಲ್ಲಿ ಅದಕ್ಕಿಂತ ನಿಖರವಾಗಿ ಹೇಳಲು ಬರುವುದಿಲ್ಲ. ಕೂತರೆ ಕೆಂಡದ ಮೇಲೆ ಕೂತಂತೆ. ವರ್ಷಗಳಿಂದ ಇದೆ. ಒಬ್ಬ ವೈದ್ಯರು ಮೂಲವ್ಯಾಧಿ ಎಂದು ಮುಲಾಮು ಕೊಟ್ಟರು. ಇನ್ನೊಬ್ಬರು ಕಲ್ಲು ಎಂದು ಬಾರ್ಲಿ ನೀರು ಕುಡಿಸಿದರು. ಕಲ್ಲು ಸಿಗಲಿಲ್ಲ, ಬಾರ್ಲಿ ಮುಗಿಯಿತು. ಮತ್ತೊಬ್ಬರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಏನೂ ಕಾಣುವುದಿಲ್ಲ, ಆದಕಾರಣ ಏನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದರು. ಕಚೇರಿಯಲ್ಲಿ ಅವನು ನಿಂತು ಕಡತ ಬರೆಯುವುದನ್ನು ಕಂಡು ಸಾಹೇಬರು, ಇದು ಯಾವ ಸಂಘದ ಮುಷ್ಕರ ಎಂದು ಲಿಖಿತ ಉತ್ತರ ಕೇಳಿದರು.

೩. ತಾವು ಎದ್ದು ಹೋದ ಮರುವಾರ ಅರ್ಜಿದಾರ ನಾಸಿಕದ ಡಾ. ಜಯಕರ ಅವರಲ್ಲಿಗೆ ಹೋದ. ಮನ್ಮಾಡಿನಲ್ಲಿ ಗಾಡಿ ಬದಲಿಸುವಾಗ ತಾವು ಕಾಣಬಹುದೆಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದ, ಇದಕ್ಕೂ ಕ್ಷಮೆಯಿರಲಿ. ಡಾಕ್ಟರು ತಪಾಸಣೆ ಮಾಡಿದರು. ವಿವರ ಗೌಪ್ಯ. ಅವರ ಬೆರಳು ಒಂದೆಡೆ ಒತ್ತಿದಾಗ ಅರ್ಜಿದಾರ ಚೀರಿದ್ದಷ್ಟೇ ಇಲ್ಲಿ ಪ್ರಸ್ತುತ. ನೋವು ಇಲ್ಲೇ ಇದೆ, ಭ್ರಮೆಯಲ್ಲ ಎಂದು ಅವರು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು. ಆ ಮಾತಿಗೆ ಅರ್ಜಿದಾರನ ಕಣ್ಣು ಒದ್ದೆಯಾಯಿತು.

ಸೊಂಟದ ಎಲುಬುಗಳ ತಳದಲ್ಲಿ ಸ್ನಾಯುಗಳ ಒಂದು ಜೋಳಿಗೆ ಇದೆಯಂತೆ. ದಿನವಿಡೀ ಮುಷ್ಟಿ ಬಿಗಿದರೆ ಕೈ ನೋಯುವ ಹಾಗೆ, ಆ ಜೋಳಿಗೆಯನ್ನು ಬಿಗಿಹಿಡಿದರೂ ನೋಯುತ್ತದಂತೆ. ನೋವಿಗೆ ಹೆದರಿ ಇನ್ನಷ್ಟು ಬಿಗಿಯುತ್ತೇವೆ, ಬಿಗಿದಷ್ಟೂ ನೋವು. ಸಾಹೇಬರು ಯಾವಾಗ ಗಂಟೆ ಬಾರಿಸುತ್ತಾರೋ ಎಂದು ಮೂತ್ರ ತಡೆದುಕೊಂಡು ಕೂತದ್ದು ಎಷ್ಟು ವರ್ಷ ಎಂದು ಡಾಕ್ಟರು ಕೇಳಿದರು. ಸೇವಾವಧಿ ಪೂರ್ತಿ ಎಂದು ಅರ್ಜಿದಾರ ಒಪ್ಪಿಕೊಂಡ.

ಚಿಕಿತ್ಸೆ: ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂಡುವುದು, ಹೊಟ್ಟೆ ತುಂಬ ಉಸಿರೆಳೆದು ತಳ ಸಡಿಲ ಬಿಡುವುದು, ಗಂಟೆ ಬಾರಿಸಲಿ ಬಿಡಲಿ ಮೂತ್ರಕ್ಕೆ ಎದ್ದು ಹೋಗುವುದು. ಗುಣ ನಿಧಾನವಾಗಿ ಬರುತ್ತದೆ, ನಡುವೆ ಮರುಕಳಿಸಲೂಬಹುದು ಎಂದಿದ್ದಾರೆ. ಸದ್ಯ ಅರ್ಜಿದಾರ ಒಂದು ಊಟ ಮುಗಿಯುವಷ್ಟು ಹೊತ್ತು ಕೂಡಬಲ್ಲ.

೪. ಈ ಅರ್ಜಿ ಇಲ್ಲಿಗೇ ಮುಗಿಯಬೇಕಿತ್ತು. ಕರಡನ್ನು ನಿನ್ನೆ ಈರಮ್ಮನಿಗೆ ಓದಿ ಹೇಳಿದಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಓದು ಮುಗಿದರೂ ನಗಲಿಲ್ಲ.

“ಅಲ್ಲೇ ನನಗೂ ಬ್ಯಾನಿ ಅದರಿ, ವನಜಾ ಹುಟ್ಟಿದಾಗಿಂದ,” ಎಂದಳು. “ಹೆಂಗಸರಿಗಿ ಇದು ಇರೋದೇ ಅಂತ ಅವ್ವ ಅಂದಿದ್ಳು.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಅರ್ಜಿದಾರ ಕೇಳಿದ.

“ನೀವು ಕೇಳಿದ್ರೇನ್ರಿ?”

ಅವಳು ಒಂದು ಮಗ್ಗುಲಿಗೆ ವಾಲಿ ಕೂತಿದ್ದಳು. ಅದು ಅವಳ ರೂಢಿ ಎಂದೇ ಅರ್ಜಿದಾರ ಇಷ್ಟು ವರ್ಷ ತಿಳಿದಿದ್ದ. ಊರಿಗೆಲ್ಲ ಗೊತ್ತಾಗುವಂತೆ ಅವನು ನಿಂತು ಕಳೆದ ನೋವನ್ನು ಅವಳು ಯಾರಿಗೂ ಗೊತ್ತಾಗದಂತೆ ಕೂತು ಕಳೆದಿದ್ದಳು. ಈ ಅಂಶಕ್ಕೆ ಯಾವ ಷರಾ ಬರೆಯಬೇಕೆಂದು ತಿಳಿಯದೆ ಅವನು ಪೆನ್ನು ಕೆಳಗಿಟ್ಟು ರೊಟ್ಟಿ ಸುಡಲು ಕೂತ. ಎರಡು ಸೀದವು.

ಕಾರಣ, ಬರುವ ಸೋಮವಾರ ಅರ್ಜಿದಾರನು ಸದರಿ ಈರಮ್ಮನನ್ನು ನಾಸಿಕಕ್ಕೆ ಕರೆದೊಯ್ಯಲಿದ್ದಾನೆ. ಹೆಂಗಸರಲ್ಲಿ ಕಾರಣ ಬೇರೆಯೂ ಇರಬಹುದಾದ್ದರಿಂದ ಅಲ್ಲಿನ ಹೆಂಗಸರ ಡಾಕ್ಟರು ನೋಡಬೇಕಾಗಿದೆ. ಈ ಬಾರಿ ಮನ್ಮಾಡಿನಲ್ಲಿ ಮುಖ ಮುಚ್ಚಿಕೊಳ್ಳುವುದಿಲ್ಲ. ತಾವು ಪ್ಲಾಟ್‌ಫಾರ್ಮಿನಲ್ಲಿದ್ದರೆ ಒಟ್ಟಿಗೆ ಚಹಾ ಕುಡಿಯಬಹುದು.

ಆದ್ದರಿಂದ, ಮೇಲ್ಕಂಡ ಸಂಗತಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಆದೇಶವನ್ನು ಹಿಂಪಡೆದು, ಮುಂದಿನ ತಿಂಗಳು ಮತ್ತೊಮ್ಮೆ ನಮ್ಮ ಮನೆಗೆ ಬರಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ ಹಾಗೂ, ತಾವು ಮನಸ್ಸು ಮಾಡಿದಲ್ಲಿ, ಬೀಗ,
ಶಿವರಾಯ

ಲಗತ್ತುಗಳು:
೧. ಡಾಕ್ಟರ ಚೀಟಿ (ಅಕ್ಷರ ಯಾರಿಗೂ ಓದಲು ಬಾರದ್ದರಿಂದ ಮರ್ಯಾದೆಗೆ ಧಕ್ಕೆಯಿಲ್ಲ).
೨. ಈರಮ್ಮ ಮಾಡಿದ ಶೇಂಗಾ ಹೋಳಿಗೆ, ಒಂದು ಡಬ್ಬಿ. ಡಬ್ಬಿ ವಾಪಸು ಕಳಿಸಬೇಕಾಗಿಲ್ಲ. ಬರುವಾಗ ತಂದರೆ ಸಾಕು.

ವಿ.ಸೂ.: ತಾವು ಮತ್ತೆ ಬರುವ ದಿನ ನಮ್ಮಿಬ್ಬರಲ್ಲಿ ಯಾರು ಎದ್ದು ನಿಂತರೂ ತಾವು ದಯವಿಟ್ಟು ಕೂತೇ ಇರತಕ್ಕದ್ದು.